ಲಂಕೆ ಕಂಡ ಬೀಗರಿಗೆ ಕೊಪ್ಪಳ ತೋರಿಸಿದ್ದು

ಭೂಗೋಳ ಕಲಿಸುವ ಮಾಸ್ತರನಿಗೆ ಒಂದು ಅನುಕೂಲವಿದೆ. ತಾನು ಕಾಣದ ಊರುಗಳ ಬಗ್ಗೆ ಅವನು ಎಷ್ಟು ಬೇಕಾದರೂ ಮಾತಾಡಬಹುದು. ಕೇಳುವ ಮಕ್ಕಳೂ ಕಂಡಿರುವುದಿಲ್ಲ, ತಪಾಸಣೆಗೆ ಬರುವ ಸಾಹೇಬರೂ ಕಂಡಿರುವುದಿಲ್ಲ. ಕೊಪ್ಪಳದ ಸಾಲೆಯಲ್ಲಿ ನಾನು ಉಷ್ಣವಲಯದ ಪಾಠವನ್ನು ವರ್ಷಗಟ್ಟಲೆ ಹೀಗೆಯೇ ಹೇಳಿಕೊಂಡು ಬಂದಿದ್ದೇನೆ. ಉಷ್ಣವಲಯದ ದೇಶಗಳಲ್ಲಿ ದಟ್ಟವಾದ ಕಾಡುಗಳಿವೆ, ಧೋ ಎಂದು ಧುಮುಕುವ ಜಲಪಾತಗಳಿವೆ, ಆನೆಗಳಿವೆ, ಬಣ್ಣಬಣ್ಣದ ಗಿಳಿಗಳಿವೆ, ದೂರದೇಶದ ಜನ ಹಡಗು ಹತ್ತಿ ಇವನ್ನು ನೋಡಲು ಬರುತ್ತಾರೆ ಎಂದು ಹೇಳುವಾಗ ನನ್ನ ಬೆನ್ನ ಮೇಲೆ ಬೆವರು ಹರಿಯುತ್ತಿರುತ್ತಿತ್ತು. ಒಂದು ದಿನ ನಕಾಶೆಯ ಮೇಲೆ ಕಡ್ಡಿ ಆಡಿಸುತ್ತಿದ್ದಾಗ ನಾವೂ ಅದೇ ವಲಯದೊಳಗೆ ಕೂತಿರುವುದು ಕಣ್ಣಿಗೆ ಬಿತ್ತು. ಕಿಟಕಿಯಿಂದ ಹೊರಗೆ ನೋಡಿದೆ. ಜಾಲಿಯ ಗಿಡ ಇತ್ತು, ಅದರ ಅರೆನೆರಳಿನಲ್ಲಿ ಒಂದು ಆಡು ಇತ್ತು. ಉಷ್ಣ ಮಾತ್ರ ನಮ್ಮ ಪಾಲಿಗೆ ಬಂದು, ಉಳಿದದ್ದೆಲ್ಲ ಬೇರೆಯವರ ಪಾಲಾಗಿತ್ತು.

ಊರಿನ ನೋಡತಕ್ಕ ಸ್ಥಳಗಳು ಊರಿನವರಿಗಾಗಿ ಇರುವುದಿಲ್ಲ ಎಂದು ನನ್ನ ಅಭಿಪ್ರಾಯ. ದಿನಾ ಕೋಟೆಯ ಕಡೆ ಮುಖ ಮಾಡಿ ಹಲ್ಲು ತಿಕ್ಕುವವನಿಗೆ ಅದು ಮಳೆಯ ಮೋಡ ಬಂತೋ ಇಲ್ಲವೋ ನೋಡಲು ಇರುವ ಗುಡ್ಡ, ಅಷ್ಟೆ. ಪಾಲ್ಕಿಗುಂಡಿನ ಬಂಡೆಯ ಮೇಲೆ ಏನೋ ಕೊರೆದಿದೆ ಎಂಬುದು ದನ ಕಾಯುವವರಿಗೆಲ್ಲ ಗೊತ್ತಿತ್ತು. ಅದು ಹೂಳಿಟ್ಟ ಹೊನ್ನಿನ ಗುರುತು ಎಂದು ನಮ್ಮಜ್ಜ ಹೇಳುತ್ತಿದ್ದ. ಈಚೆಗೆ ಪಂಡಿತರು ಬಂದು ಓದಿ, ಇದು ಅಶೋಕ ಚಕ್ರವರ್ತಿ ಬರೆಸಿದ ಧರ್ಮದ ಮಾತು ಎಂದಾಗ ಊರಿಗೆ ಊರೇ ನಿರಾಶೆಪಟ್ಟಿತು. ಧರ್ಮದಿಂದ ಇರಿ ಎಂದು ಹೇಳುವುದಕ್ಕೆ ಅಷ್ಟೆತ್ತರ ಯಾಕೆ ಹತ್ತಬೇಕಾಗಿತ್ತು ಎಂದು ನಮ್ಮಜ್ಜ ಬೇಸರ ಮಾಡಿಕೊಂಡ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ನಮ್ಮ ಬೆಟ್ಟಗಳು ದೂರದಿಂದಲೂ ನುಣ್ಣಗೆ ಕಾಣುವುದಿಲ್ಲ. ಮನೆ ಕಟ್ಟಲೆಂದು ಯಾರೋ ಕಲ್ಲು ಪೇರಿಸಿ, ಆಮೇಲೆ ಮನಸ್ಸು ಬದಲಾಯಿಸಿ ಹೊರಟುಹೋದ ಹಾಗೆ ಕಾಣುತ್ತವೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ತಂಗಿ ಗಂಗವ್ವನ ಮದುವೆ ಈ ನೋಡತಕ್ಕ ಸ್ಥಳಗಳ ಮೇಲೆ ಬಂದು ನಿಂತಿತ್ತು. ನಾವು ನಿಜಾಮರ ರಾಜ್ಯದವರು. ಪಡುವಣಕ್ಕೆ ಸ್ವಲ್ಪ ದೂರ ರೈಲಿನಲ್ಲಿ ಹೋದರೆ ಮುಂಬೈ ಸರಕಾರದ ಸೀಮೆ. ಅಲ್ಲಿಯ ಧಾರವಾಡ, ಹುಬ್ಬಳ್ಳಿಯ ಜನ ನಮ್ಮ ಕಡೆಯನ್ನು ಮೊಗಲಾಯಿ ಎನ್ನುತ್ತಿದ್ದರು. ಆ ಮಾತನ್ನು ಹೇಳುವಾಗ ಅವರ ಮೂಗು ತಾನಾಗಿಯೇ ಸ್ವಲ್ಪ ಮೇಲೇರುತ್ತಿತ್ತು. ಗಂಗವ್ವನಿಗೆ ಆ ಕಡೆಯಿಂದ ಬಂದಿದ್ದ ಸಂಬಂಧಗಳು "ಹುಡುಗಿ ಛಲೋ ಅದಾಳ, ಆದ್ರ ಮೊಗಲಾಯಿ" ಎಂಬ ಒಂದೇ ಮಾತಿಗೆ ಮುರಿದುಬಿದ್ದಿದ್ದವು. ತಂದೆತಾಯಿ ಇಲ್ಲದ ಹುಡುಗಿ. ನನ್ನ ಹೆಂಡತಿ ನೀಲಮ್ಮನೇ ತಾಯಿಯ ಹಾಗೆ ನೋಡಿಕೊಂಡಿದ್ದಳು. ನೆಂಟರ ಮನೆಯ ಮದುವೆಗೆ ಹೋದಲ್ಲೆಲ್ಲ ಹೆಂಗಸರು "ನಿಮ್ಮ ಗಂಗವ್ವಂದು ಎಂದ್ರಿ?" ಎಂದು ಕೇಳುತ್ತಿದ್ದರು. ಗಂಗವ್ವ ನಕ್ಕು ಏನಾದರೂ ತಿರುಗೇಟು ಕೊಟ್ಟು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಮಾತು ಕಡಿಮೆ ಮಾಡುತ್ತಿದ್ದಳು. ಅವಳು ಮಾತು ಕಡಿಮೆ ಮಾಡಿದರೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಆಗ ಬಂದದ್ದು ಧಾರವಾಡದ ರಾಚಪ್ಪನವರ ಸಂಬಂಧ. ಯಾಲಕ್ಕಿಯ ವ್ಯಾಪಾರಿ, ಮಗನಿಗೆ ಹುಬ್ಬಳ್ಳಿಯ ರೈಲ್ವೆಯಲ್ಲಿ ನೌಕರಿ. ರಾಚಪ್ಪನವರು ವ್ಯಾಪಾರದ ಮೇಲೆ ಒಮ್ಮೆ ಸಿಂಹಳ ದ್ವೀಪಕ್ಕೆ, ಅಂದರೆ ಸಾಕ್ಷಾತ್ ಲಂಕೆಗೆ ಹೋಗಿ ಬಂದಿದ್ದರು. ಹೋಗಿ ಬಂದು ವರ್ಷಗಳೇ ಆಗಿದ್ದರೂ ಮನಸ್ಸು ಇನ್ನೂ ಅಲ್ಲಿಂದ ತಿರುಗಿ ಬಂದಿರಲಿಲ್ಲ. ಅಲ್ಲಿಯ ಜಲಪಾತ, ಅಲ್ಲಿಯ ಆನೆ, ಅಲ್ಲಿಯ ಬುದ್ಧನ ಗುಡಿ ಎಂದು ಶುರುಮಾಡಿದರೆ ಎದುರಿಗಿದ್ದವರು ಎದ್ದುಹೋದರೂ ಅವರಿಗೆ ತಿಳಿಯುತ್ತಿರಲಿಲ್ಲವಂತೆ. ಅವರು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಿದ್ದು ಇಷ್ಟು: "ಹುಡುಗಿ ಬಗ್ಗೆ ಛಲೋ ಕೇಳೀವಿ. ಆದ್ರ ನಮ್ಮ ಮನಿಯಾಕಿ, ಆ ಕಲ್ಲಿನ ಊರಿಗೆ ಮಗಾ ದೀಪಾವಳಿಗೆ ಹೋಗಿ ಏನ್ ನೋಡ್ಯಾನು ಅಂತಾಳ. ನಾ ಬಂದು ಮೊದಲು ಊರು ನೋಡ್ತೀನಿ, ಆಮ್ಯಾಲೆ ಹುಡುಗಿ ನೋಡ್ತೀನಿ." ಜಲಪಾತ ಕಂಡವರಿಗೆ ನಾನು ಏನು ತೋರಿಸಲಿ? ನಮ್ಮಲ್ಲಿ ಬೇಸಿಗೆಯಲ್ಲಿ ಬಾವಿಯೊಳಗೂ ನೀರು ಬೀಳುವ ಸದ್ದು ಕೇಳುವುದಿಲ್ಲ. ಆದರೂ ಕೂತು ವಿಚಾರ ಮಾಡಿದೆ: ಮೊದಲ ದಿನ ಕೋಟೆ, ಎರಡನೆಯ ದಿನ ಇಟಗಿಯ ಮಹಾದೇವನ ಗುಡಿ, ಮೂರನೆಯ ದಿನ ಆನೆಗೊಂದಿ, ಅಂದು ಸಂಜೆ ಹುಡುಗಿ.

ಇಲ್ಲಿ ಒಂದು ತೊಡಕು ಇತ್ತು. ಹೆಣ್ಣು ನೋಡಲು ಬಂದವರು ಒಪ್ಪಿಗೆ ಹೇಳುವ ತನಕ ಹೆಣ್ಣಿನ ಮನೆಯ ಉಪ್ಪು ತಿನ್ನಬಾರದು ಎಂಬುದು ನಮ್ಮಲ್ಲಿಯ ಹಿರಿಯರ ಕಟ್ಟಳೆ. ನೀರು-ಬೆಲ್ಲ ನಡೆಯುತ್ತದೆ, ಹಾಲು-ಹಣ್ಣು ನಡೆಯುತ್ತದೆ, ಉಪ್ಪು ಬಿದ್ದದ್ದು ನಡೆಯುವುದಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದಲ್ಲ. ತಿಂದು ಆಮೇಲೆ ಒಲ್ಲೆ ಎನ್ನುವುದು ಹೇಗೆ? ಒಂದು ಹೊತ್ತಿಗೆ ಬಂದುಹೋಗುವವರಾದರೆ ಇದೇನು ದೊಡ್ಡ ಮಾತಲ್ಲ. ಆದರೆ ಇವರು ಮೂರು ದಿನ ನಮ್ಮ ಪಡಸಾಲೆಯಲ್ಲಿ ಮಲಗುವವರು. ದೊಡ್ಡ ಆಳು, ಹಾಲು-ಹಣ್ಣಿನ ಮೇಲೆ ಬಿಸಿಲಿನಲ್ಲಿ ಕೋಟೆ ಹತ್ತಿ ಎಲ್ಲಿಯಾದರೂ ಕಣ್ಣುಕತ್ತಲೆ ಬಂದು ಬಿದ್ದರೆ? "ನಮ್ಮ ಮನ್ಯಾಗ ಉಣಬಾರದು ಖರೆ, ಮಂದಿ ಮನ್ಯಾಗ ಉಂಡ್ರ ಯಾರ್ ಬ್ಯಾಡ ಅಂತಾರ?" ಎಂದಳು ನೀಲಮ್ಮ. ನನಗೆ ಇದು ಭಾರೀ ಉಪಾಯವೆಂದು ಕಂಡಿತು. ದಾರಿಯ ಮೇಲಿರುವ ನೆಂಟರಿಗೆಲ್ಲ ಹೇಳಿ ಕಳಿಸಿದೆ: ಇಂಥವರು ಬರುತ್ತಾರೆ, ನಮ್ಮಲ್ಲಿ ಉಣ್ಣುವ ಹಾಗಿಲ್ಲ, ಉಪವಾಸ ಇರಬಾರದು, ನಮ್ಮ ಗಂಗವ್ವನ ಮದುವೆ ನಿಮ್ಮ ಕೈಯಲ್ಲಿದೆ. ಒಬ್ಬರಿಗೆ ಹೇಳಿ ಕಳಿಸಿದ್ದು ಇನ್ನೊಬ್ಬರಿಗೆ ತಿಳಿಸುವುದು ಮಾತ್ರ ನನಗೆ ಹೊಳೆಯಲಿಲ್ಲ. ಹೀಗಾಗಿ ಪ್ರತಿಯೊಬ್ಬರೂ ರಾಚಪ್ಪನವರನ್ನು ಬದುಕಿಸುವ ಭಾರ ತಮ್ಮೊಬ್ಬರ ಮೇಲೆಯೇ ಇದೆ ಎಂದು ತಿಳಿದುಕೊಂಡರು.

ರಾಚಪ್ಪನವರು ಬಿಳಿಯ ರುಮಾಲು, ಕೊಡೆ, ಬೆತ್ತ ಸಮೇತ ರೈಲಿಳಿದರು. ನಿಜಾಮರ ಸುಂಕದ ನಾಕೆಯವರು ಅವರ ಚೀಲ ತೆರೆದು ಪೇಡೆಯ ಡಬ್ಬಿ ಅಲುಗಾಡಿಸಿ ನೋಡಿದ್ದರಿಂದ ಮೂಗು ಆಗಲೇ ಸ್ವಲ್ಪ ಮೇಲೆ ಹೋಗಿತ್ತು. ಮನೆಯಲ್ಲಿ ಹಾಲು ಕುಡಿಸಿ, ಇಮಾಮಸಾಬನ ಟಾಂಗಾದಲ್ಲಿ ಕೂಡಿಸಿಕೊಂಡು ಕೋಟೆಗೆ ಹೊರಟೆ. ಕೋಟೆಯ ಬುಡದಲ್ಲಿಯೇ ನಮ್ಮ ಸೋದರಮಾವ ಚನ್ನಪ್ಪನ ಮನೆ. ನೆಂಟರ ಬಾಗಿಲ ಮುಂದೆ ಹಾದು ಒಳಗೆ ಕಾಲಿಡದೆ ಹೋಗುವುದೆಂದರೆ ನಮ್ಮಲ್ಲಿ ಹೊಡೆದಾಟಕ್ಕಿಂತ ದೊಡ್ಡ ಅಪಮಾನ. ನಮ್ಮಪ್ಪ ಹಿಂದೊಮ್ಮೆ ಅವಸರದಲ್ಲಿ ಯಾರದೋ ಮನೆಯಲ್ಲಿ ಬರೀ ನೀರು ಕುಡಿದು ಎದ್ದದ್ದಕ್ಕೆ ಆ ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದರು. ಒಳಗೆ ಹೋದೆವು. ಹೋಳಿಗೆ, ಮಾದಲಿ, ತುಪ್ಪ, ಎಣ್ಣೆಗಾಯಿ, ಹಿಂಡಿ, ಮೊಸರು. ರಾಚಪ್ಪನವರು ಕೈಯಡ್ಡ ಹಿಡಿದಾಗಲೆಲ್ಲ ನಮ್ಮತ್ತೆ ಒಂದೇ ಮಾತು ಹೇಳಿದಳು: "ಒಲ್ಲೆ ಅನಬ್ಯಾಡ್ರಿ ಯಪ್ಪಾ. ನೀವು ಹೋಳಿಗಿ ಒಲ್ಲೆ ಅಂದ್ರ ನಮ್ಮ ಗಂಗವ್ವನ್ನ ಒಲ್ಲೆ ಅಂದಂಗ ಆಕೈತಿ." ಇಂಥ ಮಾತಿಗೆ ಎದುರು ಮಾತು ಧಾರವಾಡದಲ್ಲಿಯೂ ಇರಲಿಲ್ಲವೆಂದು ಕಾಣುತ್ತದೆ. ಅವರು ಉಂಡರು.

ಉಂಡು ಹೊರಗೆ ಬಂದರೆ ಪಕ್ಕದ ಬಾಗಿಲಲ್ಲಿ ಚನ್ನಪ್ಪ ಮಾವನ ದಾಯಾದಿ ಈರಣ್ಣ ಕೈಕಟ್ಟಿ ನಿಂತಿದ್ದ. ಅವನಿಗೂ ನಾನು ಹೇಳಿ ಕಳಿಸಿದ್ದೆ. ಇಬ್ಬರಿಗೂ ಮಾತಿಲ್ಲದ್ದರಿಂದ ಒಂದು ಮನೆಯ ಹೋಳಿಗೆಯ ವಾಸನೆ ಇನ್ನೊಂದು ಮನೆಗೆ ಬಂದಿದ್ದರೂ ಸುದ್ದಿ ಬಂದಿರಲಿಲ್ಲ. "ಅವರ ಮನ್ಯಾಗ ಉಂಡ್ರಿ, ನಮ್ಮ ಮನಿ ಏನ್ ಪಾಪ ಮಾಡೈತ್ರಿ?" ಎಂದ ಈರಣ್ಣ. ಗಂಗವ್ವನ ಹೆಸರು ಮತ್ತೆ ಬಂತು. ಎರಡನೆಯ ಊಟವಾದ ಮೇಲೆ ರಾಚಪ್ಪನವರು ಅಂಗಳದ ಹೊರಸಿನ ಮೇಲೆ ಒರಗಿದರು. ಎದ್ದಾಗ ಹೊತ್ತು ಮುಳುಗುತ್ತಿತ್ತು. ಮಲಗಿದಲ್ಲಿಂದಲೇ ಕಣ್ಣು ತೆರೆದು, ಮೇಲೆ ಕೆಂಪಗೆ ನಿಂತಿದ್ದ ಕೋಟೆಯನ್ನು ನೋಡಿ "ಎತ್ತರ ಐತಿ" ಎಂದರು. ಮರಳುವಾಗ ಇನ್ನೊಂದು ತೊಂದರೆಯಾಯಿತು. ಇಮಾಮಸಾಬನ ಕುದುರೆಗೆ ಹುಲ್ಲು ಹಾಕುವ ಮನೆಗಳೆಲ್ಲ ಗುರುತು. ಅದು ಪ್ರತಿ ಪರಿಚಯದ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದು ನಿಂತಾಗಲೆಲ್ಲ ರಾಚಪ್ಪನವರು ನನ್ನ ತೋಳು ಹಿಡಿದು, "ಇಲ್ಲೂ ಉಣೂದೈತೇನ್ರೀ ಮಾಸ್ತರ?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದರು.

ಮರುದಿನ ರೈಲಿನಲ್ಲಿ ಬನ್ನಿಕೊಪ್ಪದ ತನಕ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಇಟಗಿಗೆ ಹೋದೆವು. ಅಲ್ಲಿಯ ಗುಡಿ ಎಂಥದೆಂದು ನೋಡಿದವರಿಗೆ ಗೊತ್ತು. ಕರಿಯ ಕಲ್ಲನ್ನು ಬೆಣ್ಣೆಯ ಹಾಗೆ ತಿರುವಿ ಕಂಬ ಮಾಡಿದ್ದಾರೆ, ಬೆರಳುದ್ದದ ಜಾಗದಲ್ಲಿಯೂ ಹೂಬಳ್ಳಿ ಬಿಡಿಸಿದ್ದಾರೆ. ಇದೊಂದನ್ನು ಕಂಡರೆ ಲಂಕೆ ಇವರ ತಲೆಯಿಂದ ಇಳಿಯುತ್ತದೆ ಎಂದು ನಾನು ನಂಬಿದ್ದೆ. ಗುಡಿಯ ಮುಂದೆ ಬೇವಿನ ನೆರಳಿನಲ್ಲಿ ನಮ್ಮ ಬಸಣ್ಣ ಕಾಕಾ ಜಮಖಾನೆ ಹಾಸಿ ಕಾಯುತ್ತಿದ್ದ. ಅವನು ನನ್ನ ಮಾತಿನಂತೆ ಅಡುಗೆ ಮಾಡಿಸಿದ್ದಲ್ಲದೆ, ಲಂಕೆ ಕಂಡವರು ಬರುತ್ತಿದ್ದಾರೆ ಎಂದು ಊರಲ್ಲೆಲ್ಲ ಹೇಳಿಯೂ ಬಿಟ್ಟಿದ್ದ. ಜನ ಕೂಡಿದರು. ಗುಡಿ ಅವರು ಹುಟ್ಟಿದಂದಿನಿಂದ ಅಲ್ಲಿಯೇ ಇತ್ತು, ಅದು ಎಲ್ಲಿಗೂ ಹೋಗುವುದಿಲ್ಲ. ಲಂಕೆ ಕಂಡ ಮನುಷ್ಯ ಮಾತ್ರ ಸಂಜೆಯ ರೈಲಿಗೆ ಹೋಗುವವನು. ಜಮಖಾನೆಯ ಸುತ್ತ ಜನ ಗುಡಿಯ ಕಡೆ ಮುಖ ಮಾಡಿ ಕೂತರು. ಅವರ ಎದುರಿಗೆ ಕೂತ ರಾಚಪ್ಪನವರು ಸಹಜವಾಗಿಯೇ ಗುಡಿಗೆ ಬೆನ್ನು ಮಾಡಿ ಕೂತರು.

ಒಬ್ಬ ಮುದುಕಿ ಹತ್ತಿರ ಸರಿದು, "ಅಲ್ಲಿ ಈಗ ಯಾರ ರಾಜ್ಯ ಐತ್ರೀ ಯಪ್ಪಾ? ವಿಭೀಷಣನ ಮಂದಿ ಎಲ್ಲಾ ಆರಾಮ ಅದಾರೇನ್ರಿ?" ಎಂದು ಕೇಳಿದಳು. "ಅಲ್ಲೂ ಈಗ ಇಂಗ್ರೇಜರದ ರಾಜ್ಯ ಐತಿ ಯವ್ವಾ" ಎಂದರು ರಾಚಪ್ಪನವರು. ಮುದುಕಿ "ಅಯ್ಯ, ಅವರು ಸಮುದ್ರ ಹೆಂಗ್ ದಾಟಿದ್ರವ್ವಾ!" ಎಂದು ಗಲ್ಲದ ಮೇಲೆ ಕೈ ಇಟ್ಟುಕೊಂಡಳು. ಇಂಥ ಕೇಳುಗರು ಅವರಿಗೆ ಧಾರವಾಡದಲ್ಲಿ ಎಲ್ಲಿ ಸಿಕ್ಕಾರು? ಜಲಪಾತ ಧುಮುಕಿತು, ಆನೆಗಳು ಸಾಲುಗಟ್ಟಿದವು, ನಡುನಡುವೆ ಕಾಕಾ ರೊಟ್ಟಿ ಹಾಕಿಸುತ್ತಲೇ ಇದ್ದ. ನಾನು ಹಿಂದಿನಿಂದ "ಯಜಮಾನ್ರ, ಗುಡಿ..." ಎಂದಾಗಲೆಲ್ಲ ಜನ ನನ್ನನ್ನು ಗದರಿಸಿ ಸುಮ್ಮನಾಗಿಸಿದರು. ಒಮ್ಮೆ ಮಾತ್ರ ಅವರಿಗೆ ದೊಡ್ಡದೊಂದು ತೇಗು ಬಂದು, ಮರ್ಯಾದೆಯ ಮನುಷ್ಯ, ಬಾಯಿಗೆ ಕೈ ಹಿಡಿದು ಹಿಂದಕ್ಕೆ ತಿರುಗಿದರು. ಆ ಒಂದು ತೇಗಿನ ಹೊತ್ತು ಅವರು ಇಟಗಿಯ ಗುಡಿಯನ್ನು ನೋಡಿದರು.

ಮೂರನೆಯ ದಿನ ಬೆಳಿಗ್ಗೆ ಆನೆಗೊಂದಿಗೆ ಹೋಗಲು ಟಾಂಗಾ ಬಾಗಿಲಿಗೆ ಬಂದು ನಿಂತಿತ್ತು. ರಾಚಪ್ಪನವರು ಪಡಸಾಲೆಯಲ್ಲಿ ಹೊಟ್ಟೆ ಹಿಡಿದು ಮಗ್ಗುಲಾಗಿದ್ದರು. ದಾರಿಯಲ್ಲಿ ಹಿಟ್ನಾಳದ ಚಿಕ್ಕವ್ವ ರಾತ್ರಿಯೇ ಹೂರಣ ರುಬ್ಬಿ ಇಟ್ಟಿದ್ದಾಳೆಂದು ಇಮಾಮಸಾಬ ಹೊರಗಿನಿಂದ ಕೂಗಿ ಹೇಳಿದ್ದು ಅವರ ಕಿವಿಗೆ ಬಿದ್ದಿರಬೇಕು. "ಮಾಸ್ತರ, ನಾ ಬರಂಗಿಲ್ಲ. ಆನೆಗೊಂದಿ ತಾನ ನಡಕೊಂತ ಇಲ್ಲಿಗೆ ಬಂದ್ರೂ ನಾ ಏಳಂಗಿಲ್ಲ" ಎಂದರು. ಆಮೇಲೆ ಎರಡು ದಿನದ ಸಿಟ್ಟೆಲ್ಲ ಹೊರಗೆ ಬಂತು. "ಲಂಕಾದಾಗ ಎಷ್ಟು ಗುಡ್ಡ ಹತ್ತಿದೆ, ಎಷ್ಟು ನೀರು ಕುಡದೆ, ಒಂದಿನಾ ಹೊಟ್ಟಿ ಕೆಡಲಿಲ್ಲ. ನಿಮ್ಮ ಮೊಗಲಾಯಿಗೆ ಬಂದು ಏನ್ ನೋಡಿದ್ನಿ ನಾ? ಮನಿಯಾಕಿ ಹೇಳಿದ್ದ ಖರೆ. ಮಧ್ಯಾಹ್ನದ ಗಾಡಿಗೆ ನಾ ಊರಿಗೆ ಹೊಂಡ್ತೀನಿ." ಹುಡುಗಿಯನ್ನು ನೋಡುವ ಮಾತೇ ಇಲ್ಲ! ಸಂಜೆ ಗಂಗವ್ವ ಉಡಲೆಂದು ನೀಲಮ್ಮ ತನ್ನ ಇಳಕಲ್ ಸೀರೆ ತೆಗೆದು ಗಳದ ಮೇಲೆ ಹಾಕಿದ್ದಳು. ನನ್ನ ಬುದ್ಧಿಗೇಡಿತನಕ್ಕೆ ತಂಗಿಯ ಬಾಳೇ ಹಾಳಾಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಹಿಂದಿನಿಂದ ದನಿ ಬಂತು. "ಲಂಕಾ ಸುಟ್ಟಾಂವ ನಮ್ಮ ಆನೆಗೊಂದಿ ಗುಡ್ಡದಾಗ ಹುಟ್ಟಿದಾಂವ ರೀ. ಆದ್ರ ಆಂವ ಹೊಂಡೂ ಮುಂದ ನಮ್ಮ ಚನ್ನಪ್ಪ ಮಾವನ ಮನ್ಯಾಗ ಉಂಡಿದ್ದಿಲ್ಲ. ಉಂಡಿದ್ರ ಸಮುದ್ರ ಹಾರೂದು ಹೋಗ್ಲಿ, ತುಂಗಭದ್ರಿನೂ ದಾಟ್ತಿದ್ದಿಲ್ಲ." ನಾನು ಕಣ್ಣು ಮುಚ್ಚಿಕೊಂಡೆ. ಹೆಣ್ಣು ನೋಡಲು ಬಂದವರ ಎದುರು ಹೆಣ್ಣು ಬಾಯಿಬಿಡುವುದೇ ತಪ್ಪು. ಇವಳು ಹನುಮಪ್ಪನನ್ನು ಕರೆತಂದಿದ್ದಳು. ಕಣ್ಣು ತೆರೆದಾಗ ಗಂಗವ್ವ ಹಿಟ್ಟು ಮೆತ್ತಿದ ಕೈಯಲ್ಲಿಯೇ ಹಬೆಯಾಡುವ ಲೋಟ ಹಿಡಿದು ಹೊರಗೆ ಬಂದಿದ್ದಳು. ಮಾಸಿದ ಮನೆಸೀರೆ, ಹಣೆಯ ಮೇಲೆ ಒಲೆಯ ಬೆವರು. "ಕುಡೀರಿ, ಕಡಿಮಿ ಆಕೈತಿ" ಎಂದಳು. ರಾಚಪ್ಪನವರು ಎದ್ದು ಕೂತು ಗುಟುಕು ಗುಟುಕಾಗಿ ಪೂರಾ ಕುಡಿದರು. ಕುಡಿದು, ಬಾಯಿ ಒರೆಸಿಕೊಂಡು, "ಏನ್ ಹಾಕೀದಿ ಯವ್ವಾ ಇದರಾಗ?" ಎಂದು ಕೇಳಿದರು.

"ಅಜವಾನ, ಶುಂಠಿ, ಚಿಟಿಕಿ ಉಪ್ಪು."

ಒಳಗೆ ನೀಲಮ್ಮನ ಕೈಯಿಂದ ಸವುಟು ಬಿದ್ದ ಸದ್ದು ಕೇಳಿತು. ರಾಚಪ್ಪನವರು ಲೋಟದ ಬುಡ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಹಂಗಾದ್ರ ನಾ ನಿಮ್ಮ ಮನಿ ಉಪ್ಪು ತಿಂದೆ" ಎಂದರು. ನಾನು ಮುಂದೆ ನುಗ್ಗಿ, ಔಷಧದ ಉಪ್ಪು ಉಪ್ಪಲ್ಲವೆಂದೂ, ಶಾಸ್ತ್ರದಲ್ಲಿ ಅದಕ್ಕೆ ವಿನಾಯಿತಿ ಇದೆಯೆಂದೂ, ಹುಡುಗಿಗೆ ತಿಳಿಯದೆ ಆಯಿತೆಂದೂ ಬಡಬಡಿಸತೊಡಗಿದೆ. ಅವರು ಬೆತ್ತ ಎತ್ತಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಸ್ವಲ್ಪ ಸರೀರಿ ಮಾಸ್ತರ. ಎರಡು ದಿನದಾಗ ನನಗೊಂದು ಛಲೋದು ಕಾಣಗೊಡಲಿಲ್ಲ ನೀವು. ಈಗೊಂದು ಕಾಣಾಕತ್ತೈತಿ, ಅದಕ್ಕೂ ಅಡ್ಡ ನಿಂತೀರಿ." ಹಾಗೆಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ತುಂಗಭದ್ರೆ ದಾಟದ ಹನುಮಪ್ಪ ಆಗ ಅವರಿಗೆ ಸರಿಯಾಗಿ ತಲುಪಿದನೆಂದು ಕಾಣುತ್ತದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಉಪ್ಪು ತಿಂದ ಮ್ಯಾಲೆ ಇನ್ನೇನೈತಿ? ರೊಟ್ಟಿ ಹಾಕವ್ವಾ. ಆದ್ರ ಒಂದ ಹಾಕು, ನಿಮ್ಮ ಅಣ್ಣನ ಮಾತು ಕೇಳಬ್ಯಾಡ" ಎಂದರು. ಮದುವೆ ಗಟ್ಟಿಯಾದದ್ದು ಹೀಗೆ. ಸಂಜೆ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಅವರು, "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರ. ಹೊಟ್ಟಿ ಇದ್ದವರು ಕೊಪ್ಪಳಾ ನೋಡಬೇಕು ಅಂತ ನಾ ಸೇರಸ್ತೀನಿ" ಎಂದು ಹೇಳಿ ಹೋದರು.

ಬೇಕೆಂದೇ ಉಪ್ಪು ಹಾಕಿದೆಯಾ ಎಂದು ಆಮೇಲೆ ನಾನು ಗಂಗವ್ವನನ್ನು ಕೇಳಿದೆ. "ಹೊಟ್ಟಿನೋವಿನ ಔಷಧಕ್ಕ ಉಪ್ಪು ಬಿಟ್ಟು ಪೇಡೆ ಹಾಕ್ತಾರೇನಣ್ಣಾ?" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು, ಆ ದಿನವಿಡೀ ಅವಳ ಮಾತು ನಿಲ್ಲಲಿಲ್ಲ. ಮದುವೆಯಾಗಿ ಅವಳು ಹೋದ ಮೇಲೆ ಮನೆ ಎಷ್ಟು ಸಪ್ಪಗಾಯಿತೆಂದರೆ, ಕೆಲವು ದಿನ ನೀಲಮ್ಮ ಮಾಡಿದ ಸಾರಿಗೆ ಉಪ್ಪು ಸರಿಯಾಗಿದ್ದರೂ ನನಗೆ ರುಚಿಸಲಿಲ್ಲ. ಮೊದಲ ದೀಪಾವಳಿಗೆ ಅಳಿಯ ಬಂದಾಗ, ಊರು ತೋರಿಸುವ ಕೆಲಸ ನನಗೆ ಕೊಡಬಾರದೆಂದು ಧಾರವಾಡದಿಂದಲೇ ಅಪ್ಪಣೆಯಾಗಿತ್ತು. ಗಂಗವ್ವ ನಸುಕಿನಲ್ಲಿ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ನೆಂಟರ ಬಾಗಿಲು ಒಂದೂ ಸಿಗದ ಹಿಂದಿನ ದಾರಿಯಿಂದ ಗಂಡನನ್ನು ಕೋಟೆ ಹತ್ತಿಸಿ, ಬಿಸಿಲೇರುವ ಮೊದಲೇ ಕರೆದುಕೊಂಡು ಬಂದಳು. ಮೇಲಿನಿಂದ ನೋಡಿದರೆ ನಮ್ಮ ಮನೆಯ ಹಿತ್ತಲು ಕಾಣುತ್ತದೆಯಂತೆ. ನನಗೆ ಅದು ಗೊತ್ತಿರಲಿಲ್ಲ.

ರಾಚಪ್ಪನವರು ಧಾರವಾಡದಲ್ಲಿ ಈಗ ಲಂಕೆಯ ಮಾತನ್ನೇ ಬಿಟ್ಟಿದ್ದಾರೆಂದು ಕೇಳಿದೆ. ನನಗೆ ಹೆಮ್ಮೆಯಾಯಿತು, ಅಂತೂ ನಮ್ಮ ಸೀಮೆ ಗೆದ್ದಿತು ಎಂದುಕೊಂಡೆ. ಮೊನ್ನೆ ಒಂದು ಮುಂಜಾನೆ ಕೊಡೆ ಹಿಡಿದ ಅಪರಿಚಿತರೊಬ್ಬರು ಬಾಗಿಲಿಗೆ ಬಂದು ನಿಂತು, ನನ್ನನ್ನು ಅಡಿಯಿಂದ ಮುಡಿಯ ತನಕ ನಿಧಾನವಾಗಿ ನೋಡಿದರು. "ರಾಚಪ್ಪನವರು ಕಳಿಸ್ಯಾರ್ರಿ. ಕೊಪ್ಪಳಕ್ಕ ಹೋದ್ರ ಕೋಟಿ ನೋಡ್ರಿ, ಗುಡಿ ನೋಡ್ರಿ, ಆದ್ರ ಎಲ್ಲಾದಕ್ಕೂ ಮೊದಲು ಮಾಸ್ತರನ್ನ ನೋಡ್ರಿ ಅಂದಾರ. ಅಂಥಾ ಸ್ಥಳ ಲಂಕಾದಾಗೂ ಇಲ್ಲಂತ." ಹೀಗೆ ಹೇಳಿ, ನೋಡಬೇಕಾದ್ದನ್ನು ನೋಡಿದವರ ಹಾಗೆ ತೃಪ್ತಿಯಿಂದ ನಕ್ಕು, ಹಾಗೆಯೇ ಕೋಟೆಯ ಕಡೆ ಹೊರಟರು. ನಾನು ಅವರ ಕೊಡೆ ಹಿಡಿದು ನಿಲ್ಲಿಸಿ, ಅದೆಂಥ ಮಾತು, ಬಾಗಿಲಿಗೆ ಬಂದವರು ಹಾಗೇ ಹೋಗುವುದುಂಟೇ ಎಂದು ಒಳಗೆ ಕರೆದು, ನೀಲಮ್ಮನಿಗೆ ರೊಟ್ಟಿ ಬಡಿಯಲು ಹೇಳಿದೆ. ಆ ಮನುಷ್ಯ ಕೋಟೆ ನೋಡದೆಯೇ ಸಂಜೆಯ ರೈಲಿಗೆ ಹೋದರು.